ಎಣಿಕೆಯಕ್ಕನ ಗಂಡನ ಸ್ಲೈಡು

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಅವಳನ್ನು ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ರಕ್ತದ ಬಿಳಿಕಣಗಳನ್ನು ಬಗೆಬಗೆಯಾಗಿ ಎಣಿಸುವುದು ಅವಳ ಕೆಲಸ. ಎದುರುಮನೆಯಾಕೆ ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತರೂ ಗುರುತು ಹಿಡಿಯದ ಈ ಮಹಾತಾಯಿಗೆ ಬಿಳಿಕಣಗಳು ಮಾತ್ರ ಒಂದೊಂದೂ ಮುಖಪರಿಚಯ. 'ಇವನು ನ್ಯೂಟ್ರೋಫಿಲ್, ದಪ್ಪ ಆಸಾಮಿ. ಇವನು ಲಿಂಫೋಸೈಟ್, ದುಂಡುಮುಖದ ಚಿಕ್ಕವನು' ಎಂದು ನೆಂಟರನ್ನು ಪರಿಚಯಿಸಿದಂತೆ ಹೇಳುತ್ತಿದ್ದಳು.

ಗಂಡ ದರ್ಜಿ. ಬೆರಳಿಗೆ ಸೂಜಿ ಚುಚ್ಚಿದರೂ ತುಟಿಪಿಟಕ್ಕೆನ್ನದವನು ನೆಗಡಿ ಬಂದರೆ ಮಾತ್ರ ಮನೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಎರಡು ಸಲ ಸೀನಿದರೆ ಹೊಲಿಗೆಯಂತ್ರ ಯಾರಿಗೆ ಕೊಡಬೇಕೆಂಬ ಮಾತೆತ್ತುತ್ತಿದ್ದ. ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಆ ಸಲ ಊರಿಗೆಲ್ಲ ವೈರಸ್ ಜ್ವರ ಬಂತು. ದರ್ಜಿಗೂ ಬಂತು. ಆದರೆ ಅವನು ನರಳಲಿಲ್ಲ, ಯಂತ್ರದ ಮಾತೆತ್ತಲಿಲ್ಲ. ಗೋಡೆಗೆ ಮುಖ ಮಾಡಿ ಸುಮ್ಮನೆ ಮಲಗಿದ. ಅದನ್ನು ಕಂಡು ಎಣಿಕೆಯಕ್ಕ ಗಾಬರಿಯಿಂದ ಪಕ್ಕಕ್ಕೆ ಬಂದು ಕೂತಳು.

"ಏನಾಗ್ತಿದೆ ಹೇಳಿ ಅಂದ್ರೆ."

"ಏನಿಲ್ಲ ಕಣೇ. ಸ್ವಲ್ಪ ಉಸಿರು ಎಳೀತಿದೆ ಅಷ್ಟೇ. ಆಸ್ಪತ್ರೆಗೆ ಮಾತ್ರ ಸೇರಿಸ್ಬೇಡ. ಅಲ್ಲಿ ನಿನ್ನನ್ನೂ ಒಳಗೆ ಬಿಡಲ್ಲವಂತೆ."

ಅವಳು ಬಿಡಲಿಲ್ಲ, ಕೈಹಿಡಿದು ಡಾಕ್ಟರಮ್ಮನ ಬಳಿ ಕರೆದೊಯ್ದಳು. ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, "ಇವರದು ಎರಡರ ಮಧ್ಯ ಇದೆ. ಲಿಂಫೋಸೈಟ್ ಎಷ್ಟಿದೆ ನೋಡೋಣ. ತುಂಬಾ ಇಳಿದಿದ್ರೆ ಇವತ್ತೇ ಅಡ್ಮಿಟ್. ಚೆನ್ನಾಗಿದ್ರೆ ಮಾತ್ರೆ ಕೊಡ್ತೀನಿ, ಮನೇಲೇ ಇರ್ಲಿ" ಎಂದರು. ಈ ಜ್ವರ ಬಿಗಡಾಯಿಸಿದವರ ರಕ್ತದಲ್ಲಿ ದುಂಡುಮುಖದವರು ವಿರಳವಾಗುತ್ತಾರೆಂದು ಎಣಿಕೆಯಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ವಾರವಿಡೀ ಅದನ್ನೇ ಕಂಡಿದ್ದಳು. ಆದರೆ ಅವೆಲ್ಲ ಬೇರೆಯವರ ಸ್ಲೈಡುಗಳು.

ಆಸ್ಪತ್ರೆಯ ಕಣ ಎಣಿಸುವ ಯಂತ್ರ ಕೆಟ್ಟು ಕೂತಿತ್ತು. ರಕ್ತ ತೆಗೆಯುವ ಜೊತೆಗಾರ, ಅಂದರೆ ಎಲ್ಲರೂ ಸೂಜಿ ಎಂದು ಕರೆಯುವ ದಪ್ಪ ಹೊಟ್ಟೆಯ ಮನುಷ್ಯ, ದರ್ಜಿಯ ತೋಳಿಗೆ ಚುಚ್ಚಿ ರಕ್ತ ತಂದುಕೊಟ್ಟ. ಅವಳು ಸ್ಲೈಡಿನ ಗಾಜಿನ ಮೇಲೆ ಒಂದು ಹನಿ ಇಟ್ಟು ತೆಳ್ಳಗೆ ಎಳೆದಳು, ಬಣ್ಣ ಹಾಕಿ ಒಣಗಿಸಿ ಕಣ್ಣು ಹಚ್ಚಿದಳು.

ಹೀಗೆ ಎಳೆದಾಗ ದಪ್ಪ ಕಣಗಳು ಅಂಚಿಗೆ ಸರಿಯುತ್ತವೆ, ಚಿಕ್ಕವು ನಡುವೆ ಉಳಿಯುತ್ತವೆ. ಆದ್ದರಿಂದ ಎಣಿಸುವವರು ಅಂಚಿನಿಂದ ಅಂಚಿಗೆ ಹೋಗಿಬರಬೇಕು. ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಈ ಪಾಠ ಹೇಳಿ, ತಪ್ಪಿದವರ ಚಳಿ ಬಿಡಿಸುತ್ತಿದ್ದವಳು ಇವಳೇ. ಆದರೆ ಅಂದು ಅವಳ ಕೈ ಅಂಚಿನ ಕಡೆ ಹೊರಳಲಿಲ್ಲ. ನಡುವೆ ಒಂದು ದುಂಡುಮುಖ ಸಿಕ್ಕಿತು, ಪಕ್ಕದಲ್ಲಿ ಇನ್ನೊಂದು. ಅಲ್ಲೇ ಸುತ್ತಿದಳು. ಲೆಕ್ಕದ ಗುಂಡಿ ಒತ್ತುತ್ತಾ ಒತ್ತುತ್ತಾ ಮುಖ ಅರಳಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಕಟ್ಟಿಕೊಂಡವಳಿಗೂ ಹಾಗೇ. ಮೋಸ ಮಾಡಬೇಕೆಂದು ಅವಳು ಖಂಡಿತ ಅಂದುಕೊಂಡಿರಲಿಲ್ಲ.

"ನೋಡೋ ಸೂಜಿ, ಚೆನ್ನಾಗೇ ಇದೆ! ಮನೆಗೆ ಕರ್ಕೊಂಡು ಹೋಗ್ಬಹುದು" ಎಂದಳು.

ಸೂಜಿ ಅವಳ ಹಿಂದೆಯೇ ನಿಂತಿದ್ದ. ಅವನು ಸ್ಲೈಡು ನೋಡಿರಲಿಲ್ಲ, ಅವಳ ಕೈ ನೋಡಿದ್ದ.

"ಅಕ್ಕಾ, ಬಯ್ಯಬೇಡಿ. ನೀವು ಅಂಚಿಗೆ ಹೋಗ್ಲೇ ಇಲ್ಲ."

"ನಂಗೇ ಪಾಠ ಹೇಳ್ತೀಯೇನೋ?"

"ಹೇಳಿಕೊಟ್ಟಿದ್ದು ನೀವೇ ಅಲ್ವಾ? ನನ್ನ ಹೆಂಡ್ತಿಯ ಸ್ಲೈಡಾಗಿದ್ರೆ ನಾನು ನಡುವೆ ಚಾಪೆ ಹಾಸ್ಕೊಂಡು ಮಲಗಿಬಿಡ್ತಿದ್ದೆ. ಇನ್ನೊಂದ್ಸಲ ನೋಡಿ ಅಕ್ಕಾ."

ಅವಳಿಗೆ ಉರಿದುಹೋಯಿತು. ಆಮೇಲೆ ನಾಚಿಕೆಯಾಯಿತು. ಆಮೇಲೆ ಹೆದರಿಕೆಯಾಯಿತು, ಅದು ಎಲ್ಲಕ್ಕಿಂತ ದೊಡ್ಡದಾಗಿತ್ತು. ಲೆಕ್ಕವನ್ನು ಸೊನ್ನೆಗೆ ತಂದು ಮತ್ತೆ ಕಣ್ಣು ಹಚ್ಚಿದಳು. ಈ ಸಲ ಅಂಚಿನಿಂದ ಅಂಚಿಗೆ ಹೋದಳು. ಎಲ್ಲಿ ನೋಡಿದರೂ ದಪ್ಪ ಆಸಾಮಿಗಳು. ದುಂಡುಮುಖದವರು ಅಲ್ಲೊಬ್ಬ, ಇಲ್ಲೊಬ್ಬ. ಬಂದ ಸಂಖ್ಯೆಯನ್ನು ಬರೆದು ತಾನೇ ಡಾಕ್ಟರಮ್ಮನಿಗೆ ಒಯ್ದು ಕೊಟ್ಟಳು. ದರ್ಜಿ ಅದೇ ದಿನ ಆಸ್ಪತ್ರೆಯ ಮಂಚ ಸೇರಿದ. ಕತ್ತಲಾಗುವ ಹೊತ್ತಿಗೆ ಅವನಿಗೆ ಆಮ್ಲಜನಕ ಬೇಕಾಯಿತು. ಮನೆಯಲ್ಲಿದ್ದಿದ್ದರೆ ಅದನ್ನು ಎಲ್ಲಿಂದ ತರುತ್ತಿದ್ದೆ ಎಂದು ಅವಳು ಮತ್ತೆ ಮತ್ತೆ ನೆನೆದಳು.

ಕೆಲವು ದಿನಗಳ ಮೇಲೆ ವಾರ್ಡಿನಿಂದ ಮತ್ತೊಮ್ಮೆ ಅವನ ರಕ್ತ ಬಂದಾಗ ಎಣಿಕೆಯಕ್ಕ ಕುರ್ಚಿ ಬಿಟ್ಟು ಎದ್ದು ಸೂಜಿಯನ್ನು ಕರೆದಳು.

"ಇದನ್ನ ನೀನು ನೋಡು. ನನ್ನ ಕಣ್ಣನ್ನ ನಾನು ನಂಬಲ್ಲ."

"ನಾನಾ? ನಾನು ಎಣಿಸಿ ಎಷ್ಟು ವರ್ಷ ಆಯ್ತು ಗೊತ್ತಾ? ತಡ ಆಗತ್ತೆ."

"ಆಗ್ಲಿ."

"ಹಾಗಾದ್ರೆ ಹೊರಗೆ ಕೂತ್ಕೊಳ್ಳಿ. ನೀವು ಹಿಂದೆ ನಿಂತ್ರೆ ನನ್ನ ಲೆಕ್ಕ ತಪ್ಪತ್ತೆ."

ಹೊರಗೆ ರಿಪೋರ್ಟಿಗಾಗಿ ಕಾಯುವವರ ಬೆಂಚಿನಲ್ಲಿ ಒಬ್ಬ ಮುದುಕ ಸರಿದು ಜಾಗ ಕೊಟ್ಟ. ಇಷ್ಟು ವರ್ಷ ಆ ಬಾಗಿಲು ದಾಟಿ ಓಡಾಡಿದವಳು ಅಲ್ಲಿ ಕೂತಿದ್ದು ಅದೇ ಮೊದಲು. ಬೆಂಚು ಒಂದು ಕಡೆ ವಾಲುತ್ತದೆ ಎಂಬುದೂ ಆಗಲೇ ಗೊತ್ತಾಯಿತು. ಸೂಜಿಯ ನಿಧಾನಕ್ಕೆ ಅವನ ಏಳು ತಲೆಮಾರನ್ನೂ ಮನಸ್ಸಿನಲ್ಲೇ ಬಯ್ದಳು.

ಕೊನೆಗೂ ಸೂಜಿ ಬೆವರೊರೆಸಿಕೊಳ್ಳುತ್ತ ಬಾಗಿಲಿಗೆ ಬಂದ. "ಲಿಂಫೋಸೈಟ್ ಏರಿದೆ ಅಕ್ಕಾ. ಚೆನ್ನಾಗಿ ಏರಿದೆ. ಎರಡ್ಸಲ ನೋಡಿದೆ."

ಎಣಿಕೆಯಕ್ಕ ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ಅಳು ಬಂತು, ಅದೂ ಸಣ್ಣಪುಟ್ಟ ಅಳುವಲ್ಲ, ಸೆರಗಿಗೂ ಅಡಗದ ಅಳು. ಕಿವಿ ಮಂದವಾಗಿದ್ದ ಮುದುಕ ಗಾಬರಿಯಾಗಿ ಅವಳ ತಲೆ ಸವರಿದ.

"ಅಳಬೇಡ ಮಗಳೇ. ಧೈರ್ಯ ತಂದ್ಕೋ. ಹೋದವರು ಹೋದ್ರು, ಏನ್ ಮಾಡೋಕಾಗತ್ತೆ?"

"ಹೋಗಿಲ್ಲ ಅಜ್ಜಾ," ಅವಳು ಬಿಕ್ಕುತ್ತಲೇ ಕೂಗಿ ಹೇಳಿದಳು, "ಉಳ್ಕೊಂಡ್ರು!"

ಮುದುಕ ಕೈ ತೆಗೆಯಲಿಲ್ಲ. "ಹಾಗಾದ್ರೆ ಅಳು. ನಾನೇನೂ ಬೇಡ ಅನ್ನಲ್ಲ" ಎಂದ.