ತಾಮ್ರದ ಕಡೆಯಿಂದ ನೋಡಿದ್ದು

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಹಳದಿ ಪಟ್ಟಿಯೊಂದು ಮೂರು ದಿನದಿಂದ ಕೂತಿತ್ತು. ಇವತ್ತು ಬೆಳಿಗ್ಗೆ ಕೆಂಪಾಗಿದೆ. ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಸಾಫ್ಟ್‌ವೇರಿನ ಪರವಾನಗಿ ಇಂದಿಗೆ ಮುಗಿಯುತ್ತದಂತೆ. ಹಣ ಕಟ್ಟದಿದ್ದರೆ ನಾಳೆಯಿಂದ ನನ್ನ ಕಡತಗಳು ನನಗೇ ತೆರೆಯುವುದಿಲ್ಲ. ಪಕ್ಕದಲ್ಲಿ ಪುಕ್ಕಟೆಯದೊಂದನ್ನು ಇಳಿಸಿಕೊಂಡಿದ್ದೇನೆ. ಎರಡರ ನಡುವೆ, ಚನ್ನಗಿರಿಯ ಈ ಅಂಗಡಿಯಲ್ಲಿ, ಮೂರನೆಯ ಚಹಾ ಆರುತ್ತಿದೆ. ಎರಡರಲ್ಲೊಂದನ್ನು ಆರಿಸಿಕೊಳ್ಳುವುದೂ ಒಂದು ದುಡಿಮೆಯೇ. ನಿಮಗೂ ಗೊತ್ತಿರುತ್ತದೆ, ಮೈ ನೋಯುವುದಿಲ್ಲ, ಆದರೆ ದಿನ ಮುಗಿದಿರುತ್ತದೆ.

ಉಳಿಸಿಕೊಳ್ಳಬೇಕಾದ ಕಡತ ಒಂದೇ. ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಹೋದರೆ, ಸುಟ್ಟುಹೋಗದಂತೆ ಪಂಪಿನ ಮೋಟರನ್ನು ನಿಲ್ಲಿಸುವ ಸ್ಟಾರ್ಟರಿನ ಬೋರ್ಡು. ಸೂಳೆಕೆರೆ ಸುತ್ತಿನ ಎಷ್ಟೋ ತೋಟಗಳಲ್ಲಿ ಅದು ಇವತ್ತಿಗೂ ಕೆಲಸ ಮಾಡುತ್ತಿದೆ. ಮೇಲೆ ನನ್ನ ಅಂಗಡಿಯ ಹೆಸರಿದೆ. ಬುದ್ಧಿ ಮಾತ್ರ ರುದ್ರಣ್ಣನದು.

ರುದ್ರಣ್ಣ ಹೊನ್ನಾಳಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕುವುದನ್ನು ನನಗೆ ಕಲಿಸಿದವರು ಅವರೇ. ಬೋರ್ಡು ಬೇಕಾದರೆ ತಾಮ್ರದ ತಗಡಿನ ಮೇಲೆ ಹೆಂಡತಿಯ ನೇಲ್ ಪಾಲಿಶಿನಲ್ಲಿ ಗೆರೆ ಎಳೆದು ದ್ರಾವಣದಲ್ಲಿ ಅದ್ದುತ್ತಿದ್ದರು. ಬಣ್ಣ ಹಚ್ಚಿದಲ್ಲಿ ತಾಮ್ರ ಉಳಿಯುತ್ತಿತ್ತು, ಮಿಕ್ಕಿದ್ದು ಕರಗುತ್ತಿತ್ತು. ಪಾಲಿಶಿನ ಬಣ್ಣ ಕೆಂಪು ಎಂದು ಬರೆಯಲು ಕೈ ತವಕಿಸುತ್ತದೆ. ಹೌದೋ ಅಲ್ಲವೋ ತಿಳಿಯದು. ಅತ್ತಿಗೆಯ ಮಾತು ಮಾತ್ರ ಕಿವಿಯಲ್ಲಿದೆ: “ನನ್ನ ಉಗುರಿಗಿಂತ ನಿಮ್ಮ ತಗಡಿಗೇ ಸಿಂಗಾರ ಜಾಸ್ತಿ ಆತು ನೋಡ್ರಿ.” ಅದನ್ನೂ ನಾನು ಒಂದಿಷ್ಟು ಒಪ್ಪ ಮಾಡಿಟ್ಟುಕೊಂಡಿರಬಹುದು.

ನಾನು ಇಲ್ಲಿ ಅಂಗಡಿ ತೆರೆದು ಹಣ ಕೊಟ್ಟು ಸಾಫ್ಟ್‌ವೇರ್ ತಂದಾಗ ರುದ್ರಣ್ಣ ಕೇಳಿದ್ದರು: “ಪುಕ್ಕಟೆ ಸಿಗೋದೂ ಐತಂತಲ್ಲೋ ತಮ್ಮಾ?”

“ಅದು ಕಲಿಯೋರಿಗೆ ಅಣ್ಣಾ. ನಾವು ಕಸುಬುದಾರರು.”

ಈ ಉತ್ತರ ನೆನಪಿರುವುದಕ್ಕೆ ಸಾಕ್ಷಿ ಬೇಕಿಲ್ಲ. ನಾಚಿಕೆಯೇ ಸಾಕು.

ಮುಂದಿನದನ್ನು ನಾನು ಹತ್ತಾರು ಕಡೆ ಹೇಳಿ ನಗಿಸಿದ್ದೇನೆ. ರುದ್ರಣ್ಣ ಸ್ಟಾರ್ಟರಿನ ನಕ್ಷೆಯನ್ನು ಕಾಗದದಲ್ಲಿ ಬರೆದುಕೊಟ್ಟರು. ನಾನು ಕಂಪ್ಯೂಟರಿಗೆ ಏರಿಸಿ ಬೋರ್ಡು ಮಾಡಿಸಿದೆ. ಬಂದ ಐವತ್ತು ಬೋರ್ಡುಗಳಲ್ಲಿ ಒಂದನ್ನು ಜೋಡಿಸಿ ಕರೆಂಟು ಕೊಟ್ಟರೆ ಭುಸ್ಸೆಂದು ಹೊಗೆ. ಎಡದ ಗೆರೆ ಬಲಕ್ಕೆ, ಬಲದ್ದು ಎಡಕ್ಕೆ. ಇಡೀ ನಕ್ಷೆ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಸ್ಟಾರ್ಟರ್ ಒಯ್ಯಲು ಬಂದು ಕೂತಿದ್ದ ರೈತ ಹಾಲಪ್ಪ, “ಏನ್ರಪ್ಪಾ, ಸ್ಟಾರ್ಟರ್ ಮಾಡ್ತೀರೋ ಧೂಪ ಹಾಕ್ತೀರೋ?” ಎಂದ. ರುದ್ರಣ್ಣ ತಲೆ ತಗ್ಗಿಸಿ, “ನಂದೇ ತಪ್ಪು ಕಣಪ್ಪ, ತಿರುಗಾಮುರುಗಾ ಬರೆದುಕೊಟ್ಟೆ” ಎಂದರು. ನಾನು ಗೆರೆಗಳನ್ನು ಒಂದೊಂದಾಗಿ ಎಡಬಲ ತಿರುಗಿಸಿ ಮತ್ತೆ ಬೋರ್ಡು ಮಾಡಿಸಿದೆ. ಆಮೇಲೆ ಅವರು ನಕ್ಷೆ ಬರೆಯಲಿಲ್ಲ. ಕೈಯಲ್ಲಿ ಬದುಕಿದವರಿಗೆ ಕಂಪ್ಯೂಟರ್ ಒಗ್ಗುವುದಿಲ್ಲ ಎಂಬಲ್ಲಿಗೆ ನಾನು ಕಥೆ ಮುಗಿಸುತ್ತಿದ್ದೆ. ಚೆನ್ನಾಗಿ ಮುಗಿಯುತ್ತಿತ್ತು. ಅಲ್ಲೇ ನಾನು ಅನುಮಾನ ಪಡಬೇಕಿತ್ತು.

ಪುಕ್ಕಟೆಯ ಸಾಫ್ಟ್‌ವೇರ್ ನನ್ನ ಹಳೆಯ ಕಡತವನ್ನು ಅರೆಬರೆ ಓದಿತು. ಏಳೆಂಟು ಗೆರೆಗಳು ಮಾಯ. ಹೋಲಿಸಿ ನೋಡೋಣವೆಂದು ಪೆಟ್ಟಿಗೆಯ ತಳದಿಂದ ನಕ್ಷೆಯ ಆ ಕಾಗದವನ್ನೇ ತೆಗೆದೆ. ಮೂಲೆಯಲ್ಲಿ, ಪೆನ್ಸಿಲಿನಲ್ಲಿ, ರುದ್ರಣ್ಣನ ದುಂಡು ಅಕ್ಷರ: ‘ತಾಮ್ರದ ಕಡೆಯಿಂದ ನೋಡಿದ್ದು. ತಿರುಗಿಸಿ ಹಾಕು.’

ಕೈಯಲ್ಲಿ ಬರೆಯುವವರು ತಾಮ್ರವಿರುವ ಕೆಳಮೈಯನ್ನು ನೋಡುತ್ತ ಬರೆಯುತ್ತಾರೆ. ಸಾಫ್ಟ್‌ವೇರ್ ಬೋರ್ಡನ್ನು ಮೇಲಿನಿಂದ ತೋರಿಸುತ್ತದೆ. ರಂಗೋಲಿಯನ್ನು ನೆಲದಡಿಯಿಂದ ನೋಡಿದರೆ ಹೇಗೋ ಹಾಗೆ, ಎರಡೂ ಒಂದೇ, ಎಡಬಲ ಮಾತ್ರ ಬೇರೆ. ಅವರು ಹೇಳಿಯೇ ಕೊಟ್ಟಿದ್ದರು. ನಾನು ಓದದೆ, ಇದ್ದಂತೆಯೇ ಏರಿಸಿದ್ದೆ.

ರುದ್ರಣ್ಣ ಈಗ ನ್ಯಾಮತಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನು ಹಚ್ಚಿದೆ.

“ಅಣ್ಣಾ, ಆ ಐವತ್ತು ಬೋರ್ಡು... ತಪ್ಪು ನಂದು.”

“ಈಗ ಗೊತ್ತಾತಾ?” ನಕ್ಕರೋ ಕೆಮ್ಮಿದರೋ.

“ಅವತ್ತೇ ಯಾಕೆ ಹೇಳಲಿಲ್ರಿ?”

“ನೀನು ಅಂಗಡಿ ತೆರೆದು ತಿಂಗಳಾಗಿತ್ತು. ಹಾಲಪ್ಪ ಎದುರಿಗೇ ಕುಂತಿದ್ದ. ನಂಗೇನು, ಹೊನ್ನಾಳಿ ಬಸ್ ಹತ್ತಿದ್ರೆ ಮುಗೀತು.”

“ಆಮೇಲೆ ಒಂದೂ ನಕ್ಷೆ ಬರೀಲಿಲ್ವಲ್ರಿ?”

“ನೀನು ಕೇಳಲಿಲ್ಲ.”

ಮಾತು ತಿರುಗಿಸಿ ಎರಡು ಸಾಫ್ಟ್‌ವೇರುಗಳ ಗೋಳು ತೋಡಿಕೊಂಡೆ. ಸಮಾಧಾನದಿಂದ ಕೇಳಿಸಿಕೊಂಡು, “ಪುಕ್ಕಟೇದ್ರಾಗೆ ತಾಮ್ರದ ಕಡೆಯಿಂದ ನೋಡಾಕೆ ಬರ್ತೈತಾ?” ಎಂದರು.

ಹುಡುಕಿದೆ. ಒಂದು ಗುಂಡಿ ಇತ್ತು. ಒತ್ತಿದೆ. ಬೋರ್ಡು ಮಗುಚಿಕೊಂಡು ಕಾಗದದ ನಕ್ಷೆಗೆ ಸರಿಯಾಗಿ ಬಂದು ಕೂತಿತು.

“ಬರ್ತೈತೆ ಅಣ್ಣಾ.”

“ದುಡ್ಡು ಕೊಟ್ಟಿದ್ರಾಗೆ?”

ಅದರಲ್ಲೂ ಇತ್ತು. ಇಷ್ಟು ವರ್ಷವೂ ಇತ್ತು.

“ಅದ್ರಾಗೂ ಐತೆ.”

“ಹಂಗಾದ್ರೆ ಪುಕ್ಕಟೇದೇ ಸಾಕು ಬಿಡು.”

ಕೆಂಪು ಪಟ್ಟಿಯನ್ನು ಮುಚ್ಚಿದೆ. ಫೋನನ್ನು ಕಡಿಯದೆ, ಸ್ಪೀಕರಿಗೆ ಹಾಕಿ ಕಾಗದದ ಪಕ್ಕಕ್ಕೆ ಒರಗಿಸಿಟ್ಟೆ. ಬಿಟ್ಟುಹೋದ ಗೆರೆಗಳೆಲ್ಲ ಕಾಗದದಲ್ಲಿ ಕಣ್ಣೆದುರೇ ಇದ್ದವು. ಆದರೂ ಒಂದೊಂದನ್ನೂ ಎಳೆಯುವ ಮೊದಲು ಅವರನ್ನು ಕೇಳಿದೆ.