ಗಾಲಿಗೆ ಕೊಡುವ ಕಲ್ಲು

ನಸುಕು ಹರಿಯುವ ಮುಂಚೆ ಶಿವಕುಮಾರಿ ಅಂಗಳ ಗುಡಿಸಿ ನೀರು ಚಿಮುಕಿಸುತ್ತಿದ್ದಳು, ಎಮ್ಮೆ ಹಿಂಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಮಾವನ ಸ್ನಾನಕ್ಕೆ ನೀರು ಕಾಯಿಸಿ ಲಿಂಗಪೂಜೆಗೆ ವಿಭೂತಿ, ಪತ್ರಿ ಹೊಂದಿಸುತ್ತಿದ್ದಳು. ಆಮೇಲೆ ಗ್ಯಾರೇಜಿನ ಪಾಳಿ. ಬಿಚ್ಚಿಟ್ಟ ಸಾಮಾನುಗಳನ್ನು ಡೀಸೆಲ್‌ನಲ್ಲಿ ತೊಳೆದು, ಬ್ರೇಕಿನ ಡಿಸ್ಕಿಗೆ ಅಂಟಿದ ಗದ್ದೆಯ ರಾಡಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಗಿರಾಕಿಗಳ ಕಾರುಗಳನ್ನು ಹಿಂದೆ ಮುಂದೆ ಸರಿಸಿ ಜಾಗ ಮಾಡಬೇಕು. ಗಂಡ ಏಳುವುದು ಅದೆಲ್ಲ ಮುಗಿದ ಮೇಲೆ. ಸಿಂಧನೂರಿನ ಮಸ್ಕಿ ರಸ್ತೆಯ ಆ ಗ್ಯಾರೇಜಿಗೆ ಜನ ಅವಳ ಗಂಡನ ಹೆಸರು ಹಿಡಿದು ಗುರುಬಸವನ ಗ್ಯಾರೇಜು ಎನ್ನುತ್ತಾರೆ.

ಬ್ರೇಕಿನ ಎಣ್ಣೆಯಿಂದ ಗಾಳಿ ತೆಗೆಯುವಾಗ ಪೆಡಲ್ ತುಳಿಯುವ ಕಾಲೂ ಅವಳದೇ. ಗಂಡ ‘ತುಳಿ’ ಎಂದಾಗ ತುಳಿಯಬೇಕು, ‘ಬಿಡು’ ಎಂದಾಗ ಬಿಡಬೇಕು. ತಪ್ಪಿದರೆ ಬಾಗಿಲ ಹಿಂದಿನ ಮೊಳೆಯಿಂದ ಹಳೆಯ ಹ್ಯಾಂಡ್‌ಬ್ರೇಕ್ ಕೇಬಲ್ಲು ಇಳಿಯುತ್ತಿತ್ತು. ಎಳೆ ಬಿಚ್ಚಿಕೊಂಡ ಅದರ ಉಕ್ಕಿನ ತಂತಿಗಳು ಬೆನ್ನಿಗೆ ಬಿದ್ದು ಮೇಲೇಳುವಾಗ ಕುಬಸದ ದಾರದ ಜೊತೆ ತೊಗಲನ್ನೂ ಕಿತ್ತುಕೊಂಡು ಬರುತ್ತಿದ್ದವು. ಮರುದಿನ ಆ ಕುಬಸ ಹೊಲಿಯುವುದೂ ಅವಳ ಕೆಲಸವೇ.

ಈ ಸೀಮೆಯಲ್ಲಿ ಹ್ಯಾಂಡ್‌ಬ್ರೇಕನ್ನು ನಂಬುವವರು ಕಡಿಮೆ. ಎಳೆಯದೆ ಬಿಟ್ಟು, ಗದ್ದೆ ನೀರಿನಲ್ಲಿ ಓಡಾಡಿ, ಕೇಬಲ್ಲು ತುಕ್ಕು ಹಿಡಿಯುತ್ತದೆ. ಅದಕ್ಕೇ ಡಿಕ್ಕಿಯಲ್ಲಿ ಒಂದು ಕಲ್ಲು. ಕಾಲುವೆ ಏರಿಯ ಮೇಲೆ ಕಾರು ನಿಂತರೆ ಗಂಡಸು ಕೂತಲ್ಲಿಂದ ಏಳುವುದಿಲ್ಲ. ಪಕ್ಕದಲ್ಲಿದ್ದ ಹೆಂಗಸು ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡಬೇಕು.

ವಳಕಮದಿನ್ನಿಯ ಅಮರಗುಂಡಪ್ಪನ ಹೆಂಡತಿ ಕಸ್ತೂರೆಮ್ಮ ಹಾಗೇ ಕಲ್ಲು ಹಿಡಿದು ಇಳಿದಿದ್ದಳು. ಗುರುಬಸವನಲ್ಲಿ ಬ್ರೇಕು ಹೊಸದಾಗಿ ಮಾಡಿಸಿದ ಧೈರ್ಯದಲ್ಲಿ ಅಮರಗುಂಡಪ್ಪ ಹ್ಯಾಂಡ್‌ಬ್ರೇಕ್ ಎಳೆದು, ಅವಳು ಕಲ್ಲು ಇಡುವ ಮೊದಲೇ ಪೆಡಲಿನಿಂದ ಕಾಲೆತ್ತಿದ. ಕಾರು ಹಿಂದಕ್ಕೆ ಬಂತು. ಗಾಲಿಗೂ ಕಲ್ಲಿಗೂ ನಡುವೆ ಅವಳ ಮೊಳಕಾಲ ಕೆಳಗಿನ ಎಲುಬು ಕಬ್ಬಿನ ಜಲ್ಲೆಯಂತೆ ಸಿಗಿದುಹೋಯಿತು. ಡಾಕ್ಟರು ಕಾಲು ತೆಗೆದರು. ಊರು ಮಾತ್ರ ಕಲ್ಲು ಕೊಡಲೂ ಬಾರದವಳು ಎಂದಿತು. ಇನ್ನು ಮನೆಗೆಲಸಕ್ಕೆ ಆಗುವುದಿಲ್ಲವೆಂದು ಅವಳನ್ನು ತವರಿಗೆ ಕಳಿಸುವ ಮಾತು ನಡೆದಿತ್ತು. ಅದಕ್ಕೂ ಮುಂಚೆ ಊರ ಹಿರಿಯರು ಬಂದು, ಗ್ಯಾರೇಜಿಗೆ ತಂದು ನಿಲ್ಲಿಸಿದ್ದ ಆ ಕಾರನ್ನು ನೋಡುವುದೆಂದಾಗಿತ್ತು. ಹ್ಯಾಂಡ್‌ಬ್ರೇಕ್ ಹಿಡಿದರೆ ತಪ್ಪು ಕಸ್ತೂರೆಮ್ಮನದು, ಹಿಡಿಯದಿದ್ದರೆ ಗುರುಬಸವನದು.

ತಪ್ಪು ಯಾರದೆಂದು ಶಿವಕುಮಾರಿ ಕಿವಿಯಾರೆ ಕೇಳಿದ್ದಳು. ಗುರುಬಸವನಿಗೆ ಕೆಲಸ ಕಲಿಸಿದ ಉಸ್ತಾದ, ಲಿಂಗಸುಗೂರಿನ ಬುಡ್ಡೇಸಾಬ್, ಒಮ್ಮೆ ಬಂದಾಗ ಅವಳೆದುರೇ ಹೇಳಿದ್ದ: ಹಿಂದಿನ ಡಿಸ್ಕಿನಲ್ಲಿ ಹ್ಯಾಂಡ್‌ಬ್ರೇಕ್ ಪಿಸ್ಟನ್ನಿನ ಒಳಗೇ ಇರುತ್ತದೆ, ಹೊಸ ಪ್ಯಾಡು ಹಾಕುವಾಗ ಪಿಸ್ಟನ್ನನ್ನು ತಿರುವುತ್ತ ಕೂರಿಸಬೇಕು, ಒತ್ತಿ ನೂಕಿದರೆ ಒಳಗಿನ ಸ್ಕ್ರೂ ಮುರಿಯುತ್ತದೆ. ಅಮರಗುಂಡಪ್ಪನ ಕಾರಿಗೆ ಗುರುಬಸವ ತಿರುಪಿನ ಇಕ್ಕಳ ಬಿಗಿದು ಪಿಸ್ಟನ್ನನ್ನು ನೂಕುತ್ತಿದ್ದಾಗ ಅವಳು ಅದನ್ನು ನೆನಪಿಸಿದಳು. ಅವನು ಪಾನಾದ ಹಿಡಿಯಿಂದ ಅವಳ ಬಾಯಿಗೆ ಹೊಡೆದ. ಒಂದು ಹಲ್ಲು ಅಲುಗಾಡಿತು. ಬಾಯಿ ಒತ್ತಿ ಹಿಡಿದು ಕೂತಿದ್ದಾಗಲೇ ಪಿಸ್ಟನ್ನಿನ ಒಳಗೆ ಏನೋ ಲಟಕ್ಕೆಂದದ್ದು ಕೇಳಿತ್ತು.

ಹಿರಿಯರು ಬರುವ ದಿನ ಮಾತ್ರ ಗುರುಬಸವ ಅವಳಿಗಿಂತ ಮೊದಲು ಎದ್ದ. ಕಾರಿನ ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ಸೆಳೆದು ಸೆಳೆದು ಬಿಗಿದಿದ್ದ. ಹ್ಯಾಂಡಲು ಈಗ ಕಲ್ಲಿನಂತೆ ಗಟ್ಟಿ. ಅದರ ಮೇಲೆ ಅವನಿಗೆ ಪೂರಾ ನಂಬಿಕೆ. ಅಂಗಳ ರಸ್ತೆಗಿಂತ ತಗ್ಗು. ಕಾರು ಇಳಿಜಾರಿನಲ್ಲಿ, ಮೂತಿ ರಸ್ತೆಯ ಕಡೆಗಿತ್ತು. ಹಿರಿಯರ ಮುಂದೆ ತಾನೇ ಕಾರಿನ ಹಿಂದೆ ನಿಂತು ತೋರಿಸುವವನಿದ್ದ. ಮೊದಲು ಒಂದು ಸಲ ನೋಡಿಬಿಡೋಣವೆಂದು ಅವಳನ್ನು ಸೀಟಿಗೆ ಹತ್ತಿಸಿದ.

ಅವಳು ಪೆಡಲ್ ಒತ್ತಿ ಹಿಡಿದಳು. ಅವನು ಗಾಲಿಯ ಹಿಂದಿನ ಕಲ್ಲನ್ನು ಒದ್ದು ಉರುಳಿಸಿದ.

“ನಿಲ್ಲಂಗಿಲ್ಲರೀ ಅದು,” ಎಂದಳು. “ಒಳಗ ಮುರದೈತಿ.”

ಅವನು ಬಾಗಿಲ ಬಳಿ ಬಂದ. ಮೊಳೆಯ ಮೇಲಿನ ಆ ಹಳೆಯ ಕೇಬಲ್ಲು ಕೈಯಲ್ಲೇ ಇತ್ತು. ಕಿಟಕಿಯೊಳಗಿಂದ ಬೀಸಿದ್ದು ಕೆನ್ನೆಗೂ ಕಿವಿಗೂ ಬಿತ್ತು, ಎರಡನೆಯದು ಕುತ್ತಿಗೆಗೆ. ಬಿಸಿ ರಕ್ತ ಕುಬಸದೊಳಗೆ ಇಳಿಯಿತು. ಪೆಡಲಿನ ಮೇಲಿನ ಕಾಲು ಮಾತ್ರ ಅಲುಗಲಿಲ್ಲ.

“ಮೆಕ್ಯಾನಿಕ್ ನಾನೋ ನೀನೋ? ಹ್ಯಾಂಡ್‌ಬ್ರೇಕ್ ಎಳದು ಕಾಲ್ ತಗಿ. ಬಂದವ್ರ ಮುಂದ ಹಿಂಗ ಬಾಯಿ ಬಿಟ್ಟಿ ಅಂದ್ರ ಆ ಕುಂಟಿ ಕೂಡ ನಿನ್ನೂ ತವರಿಗೆ ಕಳಸ್ತೀನಿ.”

ಹಾಗೆಂದು ಹೋಗಿ ಕಾರಿನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತ. ಕನ್ನಡಿಯಲ್ಲಿ ಅವನ ಎದೆ, ಸೊಂಟದ ಮೇಲಿಟ್ಟ ಕೈ, ಜೋತುಬಿದ್ದ ಕೇಬಲ್ಲು ಕಾಣುತ್ತಿದ್ದವು.

“ಬಿಡು,” ಎಂದ.

ರಸ್ತೆಯಲ್ಲಿ ಯಾರೂ ಇರಲಿಲ್ಲ. ಮಾವ ಪೂಜೆಯಲ್ಲಿದ್ದ. ಇಷ್ಟು ವರ್ಷ ಬಿಡು ಎಂದಾಗೆಲ್ಲ ಬಿಟ್ಟವಳು. ಇವತ್ತೂ ಹೇಳಿದ್ದಷ್ಟನ್ನು ಮಾಡಿದರೆ ಸಾಕಿತ್ತು. ಗೋಡೆಗೂ ಕಾರಿಗೂ ನಡುವೆ ಅವನ ಕಾಲುಗಳೂ ಕಸ್ತೂರೆಮ್ಮನ ಕಾಲಿನ ಹಾಗೇ ಸಿಗಿಯುತ್ತಿದ್ದವು. ಆ ಸದ್ದು ಅವಳಿಗೆ ಕೇಳಿಸಿಯೇಬಿಟ್ಟಿತು. ಕೇಳಿಸಿದಾಗ ಒಳಗೆಲ್ಲೋ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ಅವಳು ಹೆದರಿದಳು.

ಚಾವಿ ತಿರುವಿದಳು. ಫಸ್ಟ್ ಗೇರು. ಕ್ಲಚ್ಚನ್ನು ನಿಧಾನ ಬಿಡುತ್ತ, ಎಂಜಿನ್ನು ಕಾರನ್ನು ಹಿಡಿದಿದೆಯೆಂದು ಪಾದಕ್ಕೆ ಗೊತ್ತಾದ ಮೇಲಷ್ಟೇ ಬಲಗಾಲನ್ನು ಬ್ರೇಕಿನಿಂದ ಎತ್ತಿದಳು. ಕಾರು ಒಂದು ಕೂದಲೆಳೆಯೂ ಹಿಂದೆ ಸರಿಯದೆ ಏರು ಹತ್ತಿತು. ಹಿಂದಿನಿಂದ ಬಂದ ಬೈಗುಳದ ಜೊತೆ ಕೇಬಲ್ಲು ಡಿಕ್ಕಿಗೆ ಬಡಿದ ಸದ್ದು ಕೇಳಿಸಿತು.

ರಸ್ತೆಗೆ ಬಂದು ನಿಂತಳು. ಎಡಕ್ಕೆ ಹೋದರೆ ಮಸ್ಕಿ, ಅದರಾಚೆ ಲಿಂಗಸುಗೂರು. ಅಲ್ಲಿ ತವರಿನಲ್ಲಿ ತಾಯಿ ಗಾಯಕ್ಕೆ ಅರಿಶಿನ ಹಚ್ಚುತ್ತಾಳೆ, ನಾಲ್ಕು ದಿನ ಉಣ್ಣಿಸಿ ವಾಪಸು ಕಳಿಸುತ್ತಾಳೆ. ಬಲಕ್ಕೆ ಹೋದರೆ ಕಾಲುವೆಯ ಏರಿ, ವಳಕಮದಿನ್ನಿ. ಹಿರಿಯರು ಊರಿನಿಂದ ಇನ್ನೂ ಹೊರಟಿರಲಿಕ್ಕಿಲ್ಲ. ಅಲ್ಲಿ ಕಸ್ತೂರೆಮ್ಮನನ್ನು ಹೊರಗೆ ಕೂರಿಸಿ, ಹಿರಿಯರನ್ನು ದೂರ ನಿಲ್ಲಿಸಿ, ಹಿಂದೆ ಯಾರೂ ಇಲ್ಲದ ಏರಿಯ ಮೇಲೆ, ಕಲ್ಲಿಲ್ಲದೆ, ಹ್ಯಾಂಡ್‌ಬ್ರೇಕ್ ಎಳೆದು ಕಾಲೆತ್ತಿ, ಕಾರು ನಿಲ್ಲದೆ ಹಿಂದೆ ಉರುಳುವುದನ್ನು ತೋರಿಸಬಹುದು. ಆಮೇಲೆ ಈ ಮನೆಗೆ ಬರುವ ದಾರಿ ಇರುವುದಿಲ್ಲ.

ಸೆರಗಿನಿಂದ ಕುತ್ತಿಗೆಯ ರಕ್ತ ಒರೆಸಿಕೊಂಡು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದಳು.