ಗುಡ್ಡದ ಬುಡದಲ್ಲಿ ನಿಲ್ಲಿಸಿದ್ದ ವ್ಯಾನು

ಕುರುಗೋಡಿನ ಗುಡ್ಡ ಸುತ್ತಿ ನಾವಿಬ್ಬರೂ ಸೈಕಲ್ ತಳ್ಳಿಕೊಂಡು ಇಳಿದಾಗ, ನಮ್ಮ ವ್ಯಾನಿನೊಳಗೆ ಮುದುಕಿಯೊಬ್ಬಳು ಹಾಸಿಗೆಗಳನ್ನು ಮುಟ್ಟಿ ನೋಡುತ್ತಿದ್ದಳು. ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತಿದ್ದ ಮಿಲಿಟರಿ ಗಾಡಿ ಅದು. ಹರಾಜಿನಲ್ಲಿ ಕೊಂಡು, ಬಣ್ಣವನ್ನೂ ಬದಲಿಸದೆ, ಗೆಳೆಯನೂ ನಾನೂ ಅದರಲ್ಲೇ ಉಂಡು ಮಲಗಿ ಊರೂರು ತಿರುಗುತ್ತಿದ್ದೆವು.

“ಹಾಸಿಗಿ ಅದಾವು. ನನ್ನ ಮಗನ್ನ ಎಲ್ಲಿ ಇಳಿಸಿದ್ರಿ, ಯಪ್ಪಾ?” ಎಂದಳು. ಬರ್ಮಾ ಯುದ್ಧಕ್ಕೆ ಹೋದ ಮಗನ ಕಾಗದ ನಿಂತುಹೋಗಿ ವರ್ಷಗಳಾಗಿದ್ದವಂತೆ.

“ಮುಂದಿನ ಗಾಡಿಗೆ ಬರ್ತಾನ, ಮನಿಗೆ ಹೋಗವ್ವ” ಎಂದು ನಮ್ಮಲ್ಲೊಬ್ಬ ಹೇಳಿಬಿಟ್ಟ.

“ಹಂಗಾರ ಇಲ್ಲೇ ಕುಂದ್ರತೀನಿ ತಗೊಳ್ರಿ” ಎಂದು ಆಕೆ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತಳು. ನಾವು ಹೊರಟುಬಂದೆವು.

ಆ ಸುಳ್ಳು ಹೇಳಿದವನು ಗೆಳೆಯನೆಂದು ನನ್ನ ನೆನಪು, ನಾನೆಂದು ಅವನ ನೆನಪು. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಗುಡ್ಡದ ಮೇಲಿನ ಗಾಳಿಯ ವರ್ಣನೆ ಮಾತ್ರ.